ಬಟ್ಟೆಯೊಳಗಿನ ಬಟ್ಟೆ: ಹಾಸನದ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಬ್ಲೌಸ್, ಚೂಡಿದಾರ ಹೊಲಿಯುವುದು ನನ್ನ ಕೆಲಸ. ಅಳತೆ ಕೊಡಲು ಬಂದವರು ಟೇಪು ಸುತ್ತುವಾಗ ಒಳಉಡುಪಿನ ಬಗ್ಗೆ ಮೆಲ್ಲಗೆ ಕೇಳುವ ಪ್ರಶ್ನೆಗಳಿವು. ಕೆಲವರು ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆ ಇಟ್ಟು ಹೋಗುತ್ತಾರೆ. ಕೆಲವರು ರಾತ್ರಿ ಮೆಸೇಜ್ ಹಾಕುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ, ಹೆಸರು ಯಾರದ್ದೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಮೇಲೆ ಗೆರೆ ಕಂಡ ಕೂಡಲೇ ಎಲ್ಲರೂ ಒಳಗಿನದನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ಗೆರೆ ಎದ್ದು ಕಾಣುತ್ತದೆ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಬಿಗಿಯನ್ನು ಬಿಡಿಸುವ ದಾರಿಗಳೇ.

## ಮೊದಲು ಅಳತೆ, ಬಣ್ಣ, ಗೆರೆ

ಅಕ್ಕ, ನನ್ನ ಬ್ರಾ ಸೈಜ್ ಎಷ್ಟು ಅಂತ ಗೊತ್ತಾಗೋದು ಹೇಗೆ? ಅಂಗಡೀಲಿ ಗಂಡಸರೇ ಇರ್ತಾರೆ, ಕೇಳೋಕೆ ನಾಚಿಕೆ.

ಯಾರನ್ನೂ ಕೇಳಬೇಡಿ, ಮನೆಯಲ್ಲೇ ಅಳೆದುಕೊಳ್ಳಿ. ಟೈಲರ್ ಟೇಪು, ಕನ್ನಡಿ ಇದ್ದರೆ ಸಾಕು. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು ನಿಲ್ಲಿ. ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಟೇಪನ್ನು ಸುತ್ತಿ. ಉಸಿರು ಬಿಟ್ಟು ಓದಿ. ಬೆನ್ನ ಕಡೆ ಟೇಪು ಮೇಲೆ ಹೋಗಿರಬಾರದು, ಸುತ್ತಲೂ ಒಂದೇ ಮಟ್ಟದಲ್ಲಿರಬೇಕು. ಬಂದ ಇಂಚು ಸಮಸಂಖ್ಯೆಯಾದರೆ 4 ಸೇರಿಸಿ, ಬೆಸವಾದರೆ 5 ಸೇರಿಸಿ. ಇದು ಬ್ಯಾಂಡ್ ಸೈಜು. ಆಮೇಲೆ ಎದೆ ತುಂಬ ಇರುವ ಕಡೆ ಟೇಪನ್ನು ಒತ್ತದೆ, ಸಡಿಲವಾಗಿ ಸುತ್ತಿ ಅಳೆಯಿರಿ. ಅದರಲ್ಲಿ ಬ್ಯಾಂಡ್ ಸೈಜನ್ನು ಕಳೆಯಿರಿ. 1 ಇಂಚು ಉಳಿದರೆ ಎ ಕಪ್, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ.

ಲೆಕ್ಕ ಹಾಕಿ ತೋರಿಸುತ್ತೇನೆ. ಕೆಳಗೆ 29 ಬಂತು. 5 ಸೇರಿಸಿದರೆ 34. ಮೇಲೆ 36 ಬಂತು. ವ್ಯತ್ಯಾಸ 2. ನಿಮ್ಮದು 34ಬಿ.

ಲೇಬಲ್ಲಿನಲ್ಲಿ 34ಬಿ ಪಕ್ಕದಲ್ಲೇ 75ಬಿ ಅಂತಲೂ ಇರುತ್ತದೆ. ಆ 75 ಅಂದರೆ ಎದೆ ಕೆಳಗಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. 32ಕ್ಕೆ 70, 36ಕ್ಕೆ 80, ಹೀಗೆ. ಕೆಲವು ಹೊರದೇಶದ ಬ್ರ್ಯಾಂಡುಗಳು 4-5 ಸೇರಿಸುವ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಗೊಂದಲ ಆದರೆ ಇಂಚು ಬಿಟ್ಟು ಸೆಂಟಿಮೀಟರ್ ನಂಬಿ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಕಸ್ತೂರಬಾ ರಸ್ತೆಯ ಯಾವ ಅಂಗಡಿಯಲ್ಲಾದರೂ ಬಾಯಿ ಬಿಡದೆ ಚೀಟಿ ತೋರಿಸಿದರಾಯಿತು.

ಸ್ಟ್ರಾಪ್ ಜಾರ್ತಾನೇ ಇರುತ್ತೆ. ಎಳೆದು ಬಿಗಿ ಮಾಡಿದ್ರೆ ಭುಜ ನೋವು. ಏನ್ಮಾಡ್ಲಿ?

ಭಾರ ಹೊರಬೇಕಾದ್ದು ಎದೆ ಕೆಳಗಿನ ಬ್ಯಾಂಡ್. ಅದು ಸಡಿಲವಾದರೆ ಪೂರ್ತಿ ಭಾರ ಭುಜದ ಮೇಲೆ ಬೀಳುತ್ತದೆ. ಎರಡೂ ಕೈ ಮೇಲೆತ್ತಿ ನೋಡಿ. ಬ್ಯಾಂಡ್ ಮೇಲಕ್ಕೆ ಬಂತಾ? ಹಾಗಾದರೆ ಸಡಿಲ. ಒಂದು ಸೈಜ್ ಕಮ್ಮಿ ಬ್ಯಾಂಡ್, ಒಂದು ಅಕ್ಷರ ಜಾಸ್ತಿ ಕಪ್ ತೆಗೆದುಕೊಳ್ಳಿ. 36ಬಿ ಹಾಕುವವರು 34ಸಿ ನೋಡಿ. ಕಪ್ಪಿನ ಗಾತ್ರ ಅಷ್ಟೇ ಇರುತ್ತದೆ, ಹಿಡಿತ ಬರುತ್ತದೆ.

ಹೊಸ ಬ್ರಾ ಕೊಳ್ಳುವಾಗ ಎಲ್ಲಕ್ಕಿಂತ ಹೊರಗಿನ, ಅಂದರೆ ಸಡಿಲದ ಹುಕ್ ಸಾಲಿನಲ್ಲಿ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ಹಿಗ್ಗುತ್ತಾ ಹೋದಂತೆ ಒಳಗಿನ ಸಾಲಿಗೆ ಬರಬಹುದು. ಮೊದಲ ದಿನವೇ ಒಳಗಿನ ಸಾಲಿಗೆ ಹಾಕಿದರೆ ಆಮೇಲೆ ಹೋಗಲು ಜಾಗವೇ ಇರುವುದಿಲ್ಲ.

ಬೆನ್ನಲ್ಲಿ ಮಾಂಸ ಉಬ್ಬಿ ಮೇಲೆ ಕೆಳಗೆ ಎರಡು ಗೆರೆ ಕಾಣ್ತವೆ. ನಾನು ದಪ್ಪ ಆಗಿದ್ದಕ್ಕಾ?

ಅಲ್ಲಮ್ಮ. ತೆಳ್ಳಗಿರುವವರ ಬೆನ್ನಿನಲ್ಲೂ ಇದು ಕಾಣುತ್ತದೆ. ಅರ್ಧ ಇಂಚಿನ ಎಲಾಸ್ಟಿಕ್ ಮೆತ್ತಗಿನ ಜಾಗವನ್ನು ಒತ್ತಿದರೆ ಅಕ್ಕಪಕ್ಕ ಉಬ್ಬಲೇಬೇಕು. ಬೆನ್ನ ಪಟ್ಟಿ ಅಗಲ ಇರುವುದನ್ನು ಕೊಳ್ಳಿ, ಮೂರು ಹುಕ್ ಒಂದರ ಕೆಳಗೊಂದು ಇರುವಂಥದ್ದು. ಸ್ಟ್ರಾಪ್ ಬೆನ್ನಿನಲ್ಲಿ ಯು ಆಕಾರದಲ್ಲಿ ಬಂದು ಸೇರುವ ಬ್ರಾ ಇನ್ನೂ ಒಳ್ಳೆಯದು. ಹಾಕಿಕೊಂಡ ಮೇಲೆ ಮುಂದೆ ಬಾಗಿ, ಕಂಕುಳ ಪಕ್ಕದ ಭಾಗವನ್ನು ಕೈಯಿಂದ ಕಪ್ಪಿನೊಳಗೆ ಸೇರಿಸಿಕೊಳ್ಳಿ. ಕಪ್ ತುಂಬಿ ಮೇಲೆ ಉಕ್ಕಿದರೆ ನಿಮ್ಮ ಕಪ್ ಚಿಕ್ಕದು ಅಂತ ಅರ್ಥ. ಬ್ಯಾಂಡನ್ನು ಬದಲಿಸಬೇಡಿ, ಕಪ್ಪಿನ ಅಕ್ಷರ ಮಾತ್ರ ಬದಲಿಸಿ.

ಬಿಳಿ ಚೂಡಿದಾರಕ್ಕೆ ಬಿಳಿ ಬ್ರಾನೇ ಹಾಕಿದೀನಿ. ಆದ್ರೂ ಎದ್ದು ಕಾಣುತ್ತಲ್ಲ?

ಬಿಳಿ ನಿಮ್ಮ ಚರ್ಮಕ್ಕಿಂತ ತಿಳಿ. ಅದಕ್ಕೇ ಕಾಣುತ್ತದೆ. ತೆಳು ಬಟ್ಟೆಯ ಒಳಗೆ ನಿಮ್ಮ ಮೈಬಣ್ಣಕ್ಕೆ ಹತ್ತಿರದ ಬಣ್ಣ ಬೇಕು. ಅಂಗಡಿಯಲ್ಲಿ ಸ್ಕಿನ್ ಕಲರ್ ಅಂತ ಕೊಡುವುದು ಹೆಚ್ಚಾಗಿ ತೀರ ಬೆಳ್ಳಗಿನವರ ಬಣ್ಣ. ನಮ್ಮಂಥ ಎಣ್ಣೆಗೆಂಪು, ಗೋಧಿ ಬಣ್ಣದವರಿಗೆ ಕಾಫಿ ಕಲರ್, ಕಂದು ಬಣ್ಣ ಒಪ್ಪುತ್ತದೆ. ಮೊಣಕೈ ಒಳಭಾಗಕ್ಕೆ ಇಟ್ಟು ನೋಡಿ ಆರಿಸಿ. ನರ್ಸಿಂಗ್ ಓದುವ ಹುಡುಗಿಯರಿಗೆ, ಬಿಳಿ ಸಮವಸ್ತ್ರ ಇರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಲೆಗ್ಗಿಂಗ್ಸ್ ಹಾಕಿದ್ರೆ ಪ್ಯಾಂಟಿ ಗೆರೆ ಕಾಣುತ್ತೆ. ಟಾಪ್ ಎಳ್ಕೊಂಡೇ ಓಡಾಡ್ಬೇಕು.

ಗೆರೆ ಬರುವುದು ಅಂಚಿನ ಎಲಾಸ್ಟಿಕ್ಕಿನಿಂದ. ಆ ಅಂಚು ಹಿಂಭಾಗದ ಮಧ್ಯದಲ್ಲಿ ನಿಂತರೆ ಕಂಡೇ ಕಾಣುತ್ತದೆ. ಹಿಂಭಾಗವನ್ನು ಪೂರ್ತಿ ಮುಚ್ಚಿ ತೊಡೆ ಶುರುವಾಗುವ ಕಡೆ ಅಂಚು ಬರುವ ಬಾಯ್‌ಶಾರ್ಟ್ಸ್ ಹಾಕಿ. ಇಲ್ಲದಿದ್ದರೆ ಅಂಚಿಗೆ ಹೊಲಿಗೆಯೇ ಇಲ್ಲದ ಸೀಮ್‌ಲೆಸ್ ತೆಗೆದುಕೊಳ್ಳಿ. ಸೀಮ್‌ಲೆಸ್ ಹೆಚ್ಚಾಗಿ ನೈಲಾನ್. ಹಾಗಾಗಿ ಒಳಗೆ, ಮೈಗೆ ತಾಗುವ ಆ ಚಿಕ್ಕ ಭಾಗ ಹತ್ತಿಯದ್ದೇ ಇದೆಯಾ ಅಂತ ತಿರುಗಿಸಿ ನೋಡಿ. ದಿನವಿಡೀ ಹಾಕಲು ಹತ್ತಿ, ಹೊರಗೆ ಹೋಗುವಾಗ ಸೀಮ್‌ಲೆಸ್, ಹೀಗೆ ಇಟ್ಟುಕೊಂಡರೆ ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ಮಾತ್ರ ಸೀಮ್‌ಲೆಸ್ ಬೇಡ. ನುಣುಪು ಬಟ್ಟೆಗೆ ಪ್ಯಾಡ್ ಅಂಟುವುದಿಲ್ಲ, ಸರಿದುಬಿಡುತ್ತದೆ.

ಪ್ಯಾಂಟಿಗೆ ಸೊಂಟ ಅಳೆಯಬೇಡಿ, ಹಿಂಭಾಗದ ಅತಿ ಅಗಲದ ಕಡೆ ಅಳೆಯಿರಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದೇ ಇರಲಿ.

## ಸೀರೆ ಮತ್ತು ಬ್ಲೌಸ್

ಮೈಸೂರು ಸಿಲ್ಕ್ ಉಟ್ರೆ ಒಳಗಿನ ಲಂಗದ ಸುಕ್ಕೆಲ್ಲ ಕಾಣುತ್ತೆ. ಯಾವ ಲಂಗ ಹಾಕ್ಲಿ?

ಮೈಸೂರು ರೇಷ್ಮೆ ಕ್ರೇಪ್. ಮೈಗೆ ಒಪ್ಪಿ ಇಳಿಯುವುದೇ ಅದರ ಚೆಂದ. ಹಾಗಾಗಿ ಒಳಗೆ ಏನಿದ್ದರೂ ಹೇಳಿಬಿಡುತ್ತದೆ. ಕಂಚಿ ಸೀರೆಯ ದಪ್ಪದಲ್ಲಿ ಮುಚ್ಚಿಹೋಗುವ ಲಂಗದ ನೆರಿಗೆ ಇದರಲ್ಲಿ ಮುಚ್ಚುವುದಿಲ್ಲ.

ರೆಡಿಮೇಡ್ ಲಂಗದಲ್ಲಿ ಸೊಂಟದ ಬಟ್ಟೆಯನ್ನು ಲಾಡಿಯಿಂದ ಸುರುಟಿ ಕಟ್ಟುತ್ತೇವೆ. ಸೊಂಟ 32 ಇದ್ದು ಲಂಗದ ಬಾಯಿ 44 ಇದ್ದರೆ 12 ಇಂಚು ಬಟ್ಟೆ ಎಲ್ಲಿಗೆ ಹೋಗಬೇಕು? ಅಲ್ಲೇ ಸುಕ್ಕಾಗಿ ಕೂರುತ್ತದೆ. ಲಂಗವನ್ನು ಹೊಲಿಸಿಕೊಳ್ಳಿ. ಆರು ಪೀಸಿನ ಕಟ್ ಹೇಳಿ. ಮೇಲೆ ಕಿರಿದು, ಕೆಳಗೆ ಅಗಲ ಬರುತ್ತದೆ. ಸೊಂಟದ ಹತ್ತಿರ ಸುರುಟುವ ಬಟ್ಟೆ ತೀರ ಕಮ್ಮಿ. ಪಕ್ಕದಲ್ಲಿ ಹುಕ್ ಇಡಿಸಿ, ಎರಡು ಇಂಚಿನ ಪಟ್ಟಿ ಹಾಕಿಸಿ. ಲಾಡಿಯೇ ಬೇಕು ಅನ್ನುವವರು ಗಂಟನ್ನು ಎಡ ಪಕ್ಕಕ್ಕೆ ಕಟ್ಟಿ, ಹೊಟ್ಟೆಯ ಮುಂದೆ ಬೇಡ. ಮುಂದೆ ಕಟ್ಟಿದರೆ ಸೀರೆಯ ನೆರಿಗೆಯೂ ಅಲ್ಲೇ ಬಂದು ಎರಡೂ ಸೇರಿ ಗಡ್ಡೆ ಕಟ್ಟುತ್ತದೆ.

ಬಟ್ಟೆ ಹತ್ತಿಯ ಪಾಪ್ಲಿನ್ ಸಾಕು. ಹೊಲಿಸುವ ಮೊದಲು ರಾತ್ರಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಉದ್ದ ಕಮ್ಮಿ ಆಗುತ್ತದೆ. ನೆಟ್, ಜಾರ್ಜೆಟ್ ಸೀರೆಗೆ ಅದೇ ಬಣ್ಣದ ಸ್ಯಾಟಿನ್ ಚೆನ್ನ. ಸ್ಯಾಟಿನ್ ಜಾರುತ್ತದೆ, ಆದ್ದರಿಂದ ನೆರಿಗೆಗೆ ಪಿನ್ ಬೇಕೇ ಬೇಕು. ಉದ್ದ ಸೀರೆಯ ಅಂಚಿಗಿಂತ ಒಂದು ಇಂಚು ಮೇಲೆ ನಿಲ್ಲಲಿ.

ಲಾಡಿ ಕಟ್ಟೋ ಕಡೆ ಸೊಂಟ ಕಪ್ಪಾಗಿ ಕಡಿತಾ ಇದೆ. ಅಮ್ಮಂಗೂ ಹೀಗೇ ಇತ್ತು. ಇದು ಮಾಮೂಲಾ?

ಮಾಮೂಲು ಅಂತ ಬಿಡಬೇಡಿ. ದಾರದಷ್ಟು ಸಣ್ಣ ಲಾಡಿಯನ್ನು ದಿನಾ ಒಂದೇ ಜಾಗದಲ್ಲಿ ಬಿಗಿದು, ಬೆವರಿ, ಉಜ್ಜಿ ಚರ್ಮ ಕೆಡುತ್ತದೆ. ಮೊದಲು ಕಪ್ಪು, ಆಮೇಲೆ ಸಿಪ್ಪೆ ಏಳುವುದು, ಆಮೇಲೆ ಗಾಯ. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಮಹಿಳೆಯರ ಬಗ್ಗೆ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಲಂಗದ ಲಾಡಿ ಒತ್ತಿ ಆದ ಹಳೆಯ ಗಾಯ ವಾಸಿಯಾಗದೆ ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಆಗಿತ್ತು. ಇದು ತುಂಬಾ ಅಪರೂಪ, ಹೆದರಬೇಡಿ. ಆದರೆ ವಾಸಿಯಾಗದ ಗಾಯ ಇದ್ದರೆ ಮಾತ್ರ ಒಂದು ವಾರವೂ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ.

ಉಳಿದವರು ಇವತ್ತೇ ಲಾಡಿ ಬದಲಿಸಿ. ಎರಡು ಇಂಚು ಅಗಲದ ಬಟ್ಟೆಪಟ್ಟಿ ಅಥವಾ ಮೆತ್ತನೆಯ ಅಗಲ ಎಲಾಸ್ಟಿಕ್ ಹಾಕಿಸಿ. ಒಂದು ದಿನ ಹೊಕ್ಕುಳ ಮೇಲೆ, ಒಂದು ದಿನ ಕೆಳಗೆ ಕಟ್ಟಿ. ಊಟ ಆದಮೇಲೆ ಸಡಿಲ ಮಾಡಿ. ಮನೆಯಲ್ಲಿದ್ದಾಗ ಭುಜದಿಂದ ಇಳಿಯುವ ನೈಟಿ, ಗೌನು ಹಾಕಿ ಸೊಂಟಕ್ಕೆ ಬಿಡುವು ಕೊಡಿ. ತೋಟದಲ್ಲಿ, ಹೊಲದಲ್ಲಿ ದಿನಪೂರ್ತಿ ಸೀರೆಯಲ್ಲೇ ದುಡಿಯುವ ಹೆಂಗಸರಿಗೆ ಇದನ್ನು ಯಾರೂ ಹೇಳುವುದಿಲ್ಲ. ಇದನ್ನು ಓದುತ್ತಿರುವವರು ಅವರಿಗೂ ದಯವಿಟ್ಟು ಹೇಳಿ.

ಈಗ ಬಂದಿದೆಯಲ್ಲ, ಲಂಗದ ಬದಲು ಮೈಗೆ ಅಂಟೋ ಸೀರೆ ಶೇಪ್‌ವೇರ್, ಅದು ಚೆನ್ನಾಗಿರುತ್ತಾ?

ಫೋಟೋಗೆ, ಎರಡು ಮೂರು ಗಂಟೆಯ ಕಾರ್ಯಕ್ರಮಕ್ಕೆ ಚೆನ್ನಾಗಿರುತ್ತದೆ. ಸೊಂಟದಲ್ಲಿ ಸುಕ್ಕಿಲ್ಲ, ಗಂಟಿಲ್ಲ. ಕೊಳ್ಳುವ ಮುಂಚೆ ಪಕ್ಕದಲ್ಲಿ ಸೀಳು ಇದೆಯಾ ನೋಡಿ. ಇಲ್ಲದಿದ್ದರೆ ಬಸ್ಸಿನ ಮೆಟ್ಟಿಲು ಹತ್ತಲು, ನೆಲದ ಮೇಲೆ ಪಂಕ್ತಿಯಲ್ಲಿ ಕೂರಲು ಆಗುವುದಿಲ್ಲ. ಹತ್ತಿ ಸೀರೆಗೆ ಬೇಡ. ಹತ್ತಿಗೆ ಸ್ವಲ್ಪ ಅಗಲದ ಲಂಗವೇ ಸರಿ.

ಬ್ಲೌಸ್ ಅಳತೆ ಕೊಡೋಕೆ ಬರುವಾಗ ಯಾವ ಬ್ರಾ ಹಾಕ್ಕೊಂಡು ಬರ್ಲಿ?

ಆ ಬ್ಲೌಸಿನ ಒಳಗೆ ಹಾಕುವ ಬ್ರಾ! ಇದೊಂದನ್ನು ಎಲ್ಲರೂ ಮರೆಯುತ್ತಾರೆ. ಹಳೆಯ, ಎಲಾಸ್ಟಿಕ್ ಸತ್ತ ಬ್ರಾದಲ್ಲಿ ಬಂದು ಅಳತೆ ಕೊಡುತ್ತಾರೆ. ಮದುವೆ ದಿನ ಹೊಸದನ್ನು ಹಾಕುತ್ತಾರೆ. ಹೊಸ ಬ್ರಾ ಎದೆಯನ್ನು ಒಂದು ಇಂಚು ಮೇಲೆತ್ತುತ್ತದೆ. ಬ್ಲೌಸಿನ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಹಿಡಿದು ಹೊಲಿದ ಮಡಿಕೆ, ಅದರ ತುದಿ ಹಳೆಯ ಜಾಗದಲ್ಲೇ, ಕೆಳಗೆ ನಿಂತಿರುತ್ತದೆ. ಅಲ್ಲಿ ಬಟ್ಟೆ ಖಾಲಿ ಚೀಲದಂತೆ ಮಡಚುತ್ತದೆ, ಮೇಲೆ ಎಳೆಯುತ್ತದೆ, ನಡುವಿನ ಹುಕ್ ಬಾಯಿ ಬಿಡುತ್ತದೆ. ಬೈಸಿಕೊಳ್ಳುವುದು ಟೈಲರ್. ಅಳತೆ ಬ್ಲೌಸ್ ಕಳಿಸುವವರು ಅದನ್ನು ಯಾವ ಬ್ರಾ ಜೊತೆ ಹಾಕುತ್ತಿದ್ದಿರಿ ಅಂತಲೂ ಹೇಳಿ.

ಕಪ್ ಇಟ್ಟು ಹೊಲಿಸಿದ್ರೆ ಬ್ರಾ ಬೇಡ್ವಾ?

ಎ, ಬಿ ಕಪ್ಪಿನವರಿಗೆ, ಪ್ರಿನ್ಸೆಸ್ ಕಟ್ (ಟಕ್ಸ್ ಬದಲು ಎದೆಯ ಮೇಲೆ ಉದ್ದ ಹೊಲಿಗೆ ಬರುವ ಕಟ್) ಗಟ್ಟಿಯಾಗಿ ಕೂತಿದ್ದರೆ ಬೇಡ. ಸಿ, ಡಿ ಮತ್ತು ಮೇಲಿನವರಿಗೆ ಬೇಕು. ಹೊಲಿದ ಕಪ್ ಆಕಾರ ಕೊಡುತ್ತದೆ, ಭಾರ ಹೊರುವುದಿಲ್ಲ. ಒಳಗೆ ಬ್ರಾ ಹಾಕುವವರು ಕಪ್ ಇಡಿಸಬೇಡಿ, ಎರಡು ಅಂಚು ಒಂದರ ಮೇಲೊಂದು ಕೂತು ಎದ್ದು ಕಾಣುತ್ತವೆ. ಕಪ್ಪನ್ನು ಲೈನಿಂಗಿಗೆ ಹೊಲಿದುಬಿಡುವ ಬದಲು ತೆಗೆದು ಹಾಕುವಂತೆ ಜೇಬು ಮಾಡಿಸಿದರೆ ಒಗೆಯುವಾಗ ಕಪ್ ಮುದ್ದೆಯಾಗುವುದಿಲ್ಲ.

ಹಿಂದೆ ಡೀಪ್ ನೆಕ್ ಬೇಕು, ಬ್ರಾ ಮಾತ್ರ ಕಾಣಬಾರದು.

ಬ್ರಾ ಹಾಕಿಕೊಂಡೇ ಬನ್ನಿ. ಬೆನ್ನ ಪಟ್ಟಿ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿ, ಅದಕ್ಕಿಂತ ಒಂದು ಇಂಚು ಮೇಲೆ ನೆಕ್ ನಿಲ್ಲಿಸಿದರೆ ಡೀಪೂ ಆಯಿತು, ಮರ್ಯಾದೆಯೂ ಉಳಿಯಿತು. ಭುಜದ ಒಳಗೆ ಪ್ರೆಸ್ ಬಟನ್ ಇರುವ ಸಣ್ಣ ಲೂಪ್ ಹಾಕಿಸಿ, ಸ್ಟ್ರಾಪ್ ಹೊರಗೆ ಇಣುಕುವುದಿಲ್ಲ. ಪ್ಲಾಸ್ಟಿಕ್ಕಿನ ಪಾರದರ್ಶಕ ಸ್ಟ್ರಾಪ್ ನನಗೆ ಇಷ್ಟವಿಲ್ಲ. ಕ್ಯಾಮೆರಾ ಫ್ಲ್ಯಾಷಿಗೆ ಮಿನುಗುತ್ತದೆ, ಚರ್ಮ ಕೊಯ್ಯುತ್ತದೆ. ಅಂಟಿಸಿಕೊಳ್ಳುವ ಸಿಲಿಕೋನ್ ಕಪ್ ಬೆವರಿದರೆ ಬಿಡುತ್ತದೆ. ಧಾರೆ ಮಂಟಪದಲ್ಲಿ ಹೋಮದ ಮುಂದೆ ಕೂರುವ ಮದುಮಗಳಿಗೆ ಅದು ಬೇಡವೇ ಬೇಡ.

ಹಾಸನಾಂಬೆ ದರ್ಶನಕ್ಕೆ ಗಂಟೆಗಟ್ಟಲೆ ಕ್ಯೂ ನಿಲ್ಬೇಕು. ರೇಷ್ಮೆ ಸೀರೆ ಒಳಗೆ ಏನು ಹಾಕಿದ್ರೆ ಹಿಂಸೆ ಆಗಲ್ಲ?

ಅಮ್ಮನ ಬಾಗಿಲು ತೆರೆಯುವುದೇ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ಸಾಲು ದೊಡ್ಡದೇ ಇರುತ್ತದೆ. ಅವತ್ತು ಹೊಸ ಬ್ರಾ ಬೇಡ, ಈಗಾಗಲೇ ಮೈಗೆ ಒಗ್ಗಿದ್ದು ಹಾಕಿ. ಶೇಪ್‌ವೇರ್ ಬೇಡ. ಲಂಗದ ಒಳಗೆ ತೊಡೆ ಮುಚ್ಚುವ ಹತ್ತಿಯ ಸೈಕ್ಲಿಂಗ್ ಶಾರ್ಟ್ಸ್ ಹಾಕಿಕೊಂಡರೆ ತೊಡೆ ಉಜ್ಜಿ ಉರಿಯುವುದಿಲ್ಲ. ಮದುವೆ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡಾಡುವವರಿಗೂ ಇದೇ.

## ಮಳೆಗಾಲ, ಒಗೆತ, ಖರ್ಚು

ಸಕಲೇಶಪುರದ ಕಡೆ ನಮ್ಮೂರು. ಜೂನ್ ಬಂದ್ರೆ ಇನ್ನರ್ಸ್ ಒಣಗೋದೇ ಇಲ್ಲ. ಬಚ್ಚಲೊಲೆ ಮೇಲೆ ಹಾಕಿದ್ರೆ ಎರಡೇ ತಿಂಗಳಿಗೆ ಎಲಾಸ್ಟಿಕ್ ಹೋಗುತ್ತೆ.

ಒಲೆಯ ಬಿಸಿಗೆ ಎಲಾಸ್ಟಿಕ್ ಸಾಯುತ್ತದೆ. ಜೊತೆಗೆ ಹೊಗೆ ವಾಸನೆ. ಹೀಗೆ ಮಾಡಿ: ಒಗೆದ ಮೇಲೆ ಹಿಂಡಬೇಡಿ. ದಪ್ಪ ಟವೆಲಿನ ಮೇಲೆ ಹರಡಿ, ಟವೆಲನ್ನು ಸುರುಳಿ ಸುತ್ತಿ, ಮಂಡಿಯಿಂದ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಬಿಚ್ಚಿ ಹಾಕಿ. ಒಲೆಯ ಹತ್ತಿರವೇ ಹಾಕಬೇಕು ಅಂದರೆ ಬರೀ ಹತ್ತಿಯದ್ದನ್ನು ಹಾಕಿ, ಅದೂ ಕೈಗೆ ಬೆಚ್ಚಗೆ ಅನ್ನಿಸುವಷ್ಟು ದೂರದಲ್ಲಿ. ಮಳೆಗಾಲಕ್ಕೆ ಬೇಗ ಒಣಗುವ ತೆಳು ಬ್ರಾ ಎರಡು ಬೇರೆ ಇಡಿ, ಪ್ಯಾಡ್ ಇರುವುದು ಒಣಗಲು ದಿನಗಟ್ಟಲೆ ಬೇಕು.

ಹಸಿಯಿದ್ದಾಗಲೇ ಹಾಕಿಕೊಂಡರೆ ತೊಡೆ ಸಂದಿ, ಎದೆ ಕೆಳಗೆ ಹುಳುಕಡ್ಡಿ ಏಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮುಲಾಮಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲೆರಡು ದಿನ ಕಡಿತ ನಿಲ್ಲುತ್ತದೆ, ಆಮೇಲೆ ಇನ್ನೂ ಹಬ್ಬುತ್ತದೆ. ಡಾಕ್ಟರ್ ಬರೆದುಕೊಟ್ಟದ್ದನ್ನೇ ಹಚ್ಚಿ.

ಇನ್ನೊಂದು. ಒಳಉಡುಪನ್ನು ಟವೆಲಿನ ಕೆಳಗೆ, ಸೀರೆ ಕೆಳಗೆ ಬಚ್ಚಿಟ್ಟು ಒಣಗಿಸುವ ಅಭ್ಯಾಸ ಬಿಡಿ. ಬಿಸಿಲು ಬಂದ ದಿನ ಬಿಸಿಲಿಗೇ ಹಾಕಿ. ಗಂಡಸರ ಬನಿಯನ್ ತಂತಿಯ ಮೇಲೆ ನೇತಾಡುತ್ತದಲ್ಲ, ನಮ್ಮದಕ್ಕೆ ಯಾಕೆ ಕತ್ತಲು?

ಪ್ಯಾಡ್ ಬ್ರಾ ಕಪ್ಪಲ್ಲಿ ಗುಳಿ ಬಿದ್ದಿದೆ, ಬಟ್ಟೆ ಮೇಲೂ ಕಾಣುತ್ತೆ.

ಒಂದು ಕಪ್ಪನ್ನು ಇನ್ನೊಂದರೊಳಗೆ ತಿರುಗಿಸಿ ಮಡಚಿಟ್ಟಿದ್ದೀರಿ. ಹಾಗೆ ಮಡಚಬೇಡಿ, ಸಾಲಾಗಿ ನಿಲ್ಲಿಸಿಡಿ. ಮಷಿನ್ನಿಗೆ ಹಾಕುವುದಾದರೆ ಹುಕ್ ಹಾಕಿ, ಜಾಲರಿ ಚೀಲದಲ್ಲಿಡಿ. ಬಿಸಿ ನೀರು, ಕಂಫರ್ಟಿನಂಥ ದ್ರವ ಎರಡೂ ಎಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಸಂಬಳ ಕಮ್ಮಿ. ಅಷ್ಟೆಲ್ಲ ವೆರೈಟಿ ಕೊಳ್ಳೋಕಾಗಲ್ಲ. ಯಾವುದು ಇದ್ರೆ ಸಾಕು?

ಮೈಬಣ್ಣದ, ಹೊಲಿಗೆ ಕಾಣದ, ನುಣುಪು ಕಪ್ ಇರುವ ಬ್ರಾ ಒಂದು. ದಿನಬಳಕೆಗೆ ಹತ್ತಿಯದು ಮೂರು. ಒಂದನ್ನೇ ದಿನಾ ಹಾಕದೆ ಸರದಿಯಲ್ಲಿ ಹಾಕಿ, ಎಲಾಸ್ಟಿಕ್ಕಿಗೂ ಬಿಡುವು ಬೇಕು. ಪ್ಯಾಂಟಿ ಏಳೆಂಟು, ಅದರಲ್ಲಿ ಸೀಮ್‌ಲೆಸ್ ಎರಡು. ಕಂದು ಬಣ್ಣದ ಸ್ಲಿಪ್ ಒಂದು. ಹೊಲಿಸಿದ ಲಂಗ ಎರಡು. ಲೇಸ್ ಇರುವುದು ಬಟ್ಟೆ ಮೇಲೆ ಅಚ್ಚು ಮೂಡಿಸುತ್ತದೆ, ಅದಕ್ಕೆ ದುಡ್ಡು ಆಮೇಲೆ ಹಾಕಬಹುದು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಬಾಣಂತನ ಮುಗೀತು. ಹೊಟ್ಟೆ ಒಳಗೆ ಹೋಗೋಕೆ ಶೇಪ್‌ವೇರ್ ಹಾಕ್ಲಾ?

ಶೇಪ್‌ವೇರ್ ಹೊಟ್ಟೆ ಕರಗಿಸುವುದಿಲ್ಲ. ಹಾಕಿದಷ್ಟು ಹೊತ್ತು ಒತ್ತಿ ಹಿಡಿಯುತ್ತದೆ, ಅಷ್ಟೇ. ಬಸುರಿನಲ್ಲಿ ಹೊಟ್ಟೆಯ ಸ್ನಾಯುಗಳು ನಡುವೆ ಬೇರೆಯಾಗಿರುತ್ತವೆ. ಅವು ಮತ್ತೆ ಹತ್ತಿರ ಬರಲು ಸಮಯ, ವ್ಯಾಯಾಮ ಬೇಕು. ಸಿಸೇರಿಯನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಏನನ್ನೂ ಬಿಗಿಯಬೇಡಿ. ಮುಂದೆ ಯಾವತ್ತೋ ಮದುವೆಗೆ ಹಾಕುವುದಾದರೆ ನಿಮ್ಮ ಸರಿಯಾದ ಸೈಜನ್ನೇ ತೆಗೆದುಕೊಳ್ಳಿ. ಒಂದು ಸೈಜ್ ಚಿಕ್ಕದು ಕೊಂಡರೆ ಹೊಟ್ಟೆಯದು ಬೆನ್ನಿಗೆ, ತೊಡೆಯದು ಮಂಡಿಗೆ ಉಬ್ಬುತ್ತದೆ. ತೊಡೆಯ ಹೊರಭಾಗ ಜೋಮು ಹಿಡಿದರೆ, ಎದೆಯುರಿ ಬಂದರೆ ತಕ್ಷಣ ಬಿಚ್ಚಿ.

ಮಗಳಿಗೆ ಹನ್ನೊಂದು. ಟೀ ಶರ್ಟ್ ಹಾಕೋಕೆ ಸಂಕೋಚ ಪಡ್ತಾಳೆ. ಈಗಲೇ ಬ್ರಾ ಕೊಡಿಸ್ಲಾ?

ವಯಸ್ಸಿನ ಲೆಕ್ಕ ಇಲ್ಲ. ಅವಳಿಗೆ ಸಂಕೋಚ ಆಗುತ್ತಿದೆ ಅಂದರೆ ಕೊಡಿಸುವ ಕಾಲ ಬಂತು. ಹುಕ್, ಕಪ್ ಬೇಡ. ಎರಡು ಪದರದ ಹತ್ತಿಯ ಸ್ಲಿಪ್ ಅಥವಾ ಬಿಗಿನರ್ಸ್ ಬ್ರಾ ಸಾಕು. ಅವಳನ್ನೂ ಕರೆದುಕೊಂಡು ಹೋಗಿ, ಬಣ್ಣ ಅವಳೇ ಆರಿಸಲಿ. ಆರು ತಿಂಗಳಿಗೊಮ್ಮೆ ಅಳತೆ ನೋಡಿ.

ಕಪ್ಪು ಬ್ರಾ, ಕಂಬಿ ಇರೋ ಬ್ರಾ ಹಾಕಿದ್ರೆ ಕ್ಯಾನ್ಸರ್ ಬರುತ್ತಂತೆ, ಹೌದಾ?

ಇಲ್ಲ. ಬಣ್ಣಕ್ಕೂ ಕ್ಯಾನ್ಸರಿಗೂ ಸಂಬಂಧ ಇಲ್ಲ. ಕಂಬಿಯ ಬಗ್ಗೆ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಕಂಬಿ ಇರಲಿ, ಇಲ್ಲದಿರಲಿ, ದಿನಕ್ಕೆ ಎಷ್ಟೇ ಗಂಟೆ ಹಾಕಲಿ, ಸಂಬಂಧ ಕಾಣಲಿಲ್ಲ. ಕಂಬಿ ಚುಚ್ಚಿದರೆ ಅದು ಸೈಜಿನ ತಪ್ಪು. ಎದೆಯಲ್ಲಿ ಗಂಟು, ಚರ್ಮ ಒಳಕ್ಕೆ ಸೆಳೆದಂತೆ, ತೊಟ್ಟಿನಿಂದ ರಕ್ತ ಕಂಡರೆ ಬ್ರಾ ಯೋಚನೆ ಬಿಟ್ಟು ಆಸ್ಪತ್ರೆಗೆ ಹೋಗಿ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ.

ನನ್ನ ಒಂದು ಕಡೆ ಚಿಕ್ಕದು. ಬ್ಲೌಸಲ್ಲಿ ಗೊತ್ತಾಗುತ್ತೆ.

ಹೆಚ್ಚಿನವರಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ದೊಡ್ಡ ಕಡೆಗೆ ಸರಿಯಾಗುವ ಕಪ್ ಕೊಳ್ಳಿ, ಚಿಕ್ಕ ಕಡೆಗೆ ತೆಳು ಪ್ಯಾಡ್ ಸೇರಿಸಿ. ಟೈಲರಿಗೆ ಬಾಯಿಬಿಟ್ಟು ಹೇಳಿ, ಎರಡು ಕಡೆಯ ಟಕ್ಸ್ ಬೇರೆ ಬೇರೆ ಹಿಡಿಯಬಹುದು.

ಕ್ಯಾನ್ಸರ್ ಆಪರೇಷನ್ ಆಗಿ ಒಂದು ಎದೆ ತೆಗೆದಿದ್ದಾರೆ. ಮೊದಲಿನ ಹಾಗೆ ಸೀರೆ ಉಡೋಕಾಗುತ್ತಾ?

ಖಂಡಿತ ಆಗುತ್ತದೆ. ಗಾಯ ಪೂರ್ತಿ ಒಣಗಿ ಡಾಕ್ಟರ್ ಒಪ್ಪುವ ತನಕ ಮೆತ್ತನೆಯ, ಹಗುರ ಹತ್ತಿ ಪ್ಯಾಡ್ ಮಾತ್ರ. ಆಮೇಲೆ ಸಿಲಿಕೋನ್ ಎದೆ ಸಿಗುತ್ತದೆ. ಅದರಲ್ಲಿ ತೂಕ ಇರುವುದಕ್ಕೆ ಕಾರಣ ಇದೆ. ಒಂದು ಕಡೆ ತೂಕ ಇಲ್ಲದಿದ್ದರೆ ಆ ಕಡೆ ಬ್ರಾ ಮೇಲಕ್ಕೆ ಸರಿಯುತ್ತದೆ, ಭುಜ ವಾಲುತ್ತದೆ, ಸೆರಗು ನಿಲ್ಲುವುದಿಲ್ಲ.

ಜೇಬಿರುವ ವಿಶೇಷ ಬ್ರಾ ಇಲ್ಲಿ ಸಿಗದಿದ್ದರೆ ನಿಮ್ಮ ಬ್ರಾಗೆ ನಿಮ್ಮ ಟೈಲರೇ ಜೇಬು ಹಾಕಿಕೊಡಬಲ್ಲರು. ಹಳೆಯ ಹತ್ತಿ ಸೀರೆಯಷ್ಟು ಮೆತ್ತಗಿನ ಬಟ್ಟೆಯನ್ನು ಕಪ್ಪಿನ ಒಳಗೆ ಇಟ್ಟು, ಕಂಕುಳ ಕಡೆ ಬಾಯಿ ಬಿಟ್ಟು, ಉಳಿದ ಅಂಚನ್ನು ಕೈಹೊಲಿಗೆ ಹಾಕಬೇಕು. ಹೊಲಿಗೆಯ ಗಂಟು ಚರ್ಮಕ್ಕೆ ತಾಗಬಾರದು, ಆ ಜಾಗ ಬಹಳ ಸೂಕ್ಷ್ಮ. ಬ್ಯಾಂಡ್ ಅಗಲ ಇರಲಿ, ಕಂಬಿ ಬೇಡ. ಬ್ಲೌಸಿನ ಕಂಕುಳನ್ನು ಅರ್ಧ ಇಂಚು ಎತ್ತರಿಸಿ, ಕತ್ತನ್ನು ಸ್ವಲ್ಪ ಮುಚ್ಚಿಸಿ, ತೋಳನ್ನು ಸಡಿಲ ಬಿಡಿಸಿ. ಆ ಕಡೆಯ ಕೈ ಊದಿಕೊಳ್ಳುವುದುಂಟು, ಹಾಗಾಗಿ ತೋಳಿನ ಅಳತೆಯನ್ನು ಎರಡೂ ಕೈಗೆ ಬೇರೆ ಬೇರೆ ತೆಗೆಯಲು ಹೇಳಿ. ಅಳತೆಗೆ ಜನ ಕಮ್ಮಿ ಇರುವ ಹೊತ್ತು ಕೇಳಿಕೊಂಡು ಹೋಗಿ. ಜೊತೆಗೆ ಅಕ್ಕನೋ ಮಗಳೋ ಇದ್ದರೆ ಒಳ್ಳೆಯದು.